ನಲ್ಲಿ ತಿರುಗಿಸಿದರೆ ಸಾಕು, ಒಂದಕ್ಕೆ ಓಡಬೇಕು. ತಡೆದುಕೊಂಡರೆ ತೊಂದರೆ ಇಲ್ವಾ?

ಕತ್ತರಿ ಬಾಚಣಿಗೆ:

ನಮಸ್ಕಾರ. ನನ್ನದು ಪಾರ್ಲರ್ ಕೆಲಸ. ಬೆಳಗ್ಗೆಯಿಂದ ಸಂಜೆವರೆಗೆ ನಿಂತೇ ಇರುತ್ತೇನೆ. ಕೆಲವು ತಿಂಗಳಿಂದ ಒಂದು ಗೋಳು ಶುರುವಾಗಿದೆ. ತಲೆ ತೊಳೆಯಲು ನಲ್ಲಿ ತಿರುಗಿಸಿದ ತಕ್ಷಣ ಒಂದಕ್ಕೆ ಹೋಗಲೇಬೇಕು ಅನ್ನಿಸುತ್ತದೆ. ನಿಧಾನವಾಗಿ ಬರುವುದಲ್ಲ, ಇದ್ದಕ್ಕಿದ್ದಂತೆ. ಅರ್ಧ ತಲೆಗೆ ಬಣ್ಣ ಹಚ್ಚಿರುತ್ತೇನೆ, ಕೈಯಲ್ಲಿ ಗ್ಲೌಸ್ ಇರುತ್ತದೆ, ಗಿರಾಕಿಯನ್ನು ಹಾಗೇ ಕೂರಿಸಿ ಓಡುತ್ತೇನೆ. ಹೋದರೆ ಬರುವುದು ಸ್ವಲ್ಪವೇ. ಕೆಲವು ಸಲ ಬಾಗಿಲು ತಲುಪುವ ಮೊದಲೇ... ಅರ್ಥ ಆಗಿರುತ್ತದೆ. ರಾತ್ರಿಯೂ ಪದೇ ಪದೇ ಏಳಬೇಕು.

ಡಾಕ್ಟರ್ ಮೂತ್ರ ಪರೀಕ್ಷೆ, ಶುಗರ್, ಸ್ಕ್ಯಾನ್ ಎಲ್ಲ ಮಾಡಿಸಿದರು. ಸೋಂಕಿಲ್ಲ, ಕಲ್ಲಿಲ್ಲ, ಶುಗರ್ ಇಲ್ಲ. ‘ಓವರ್‌ಆ್ಯಕ್ಟಿವ್ ಬ್ಲಾಡರ್’ ಅಂದರು. ಮೂತ್ರಕೋಶ ತುಂಬುವ ಮೊದಲೇ ಅದರ ಗೋಡೆಯ ಸ್ನಾಯು ಹಿಂಡಿಕೊಳ್ಳುತ್ತದಂತೆ. ಮಾತ್ರೆ ಆಮೇಲೆ ನೋಡೋಣ, ಮೊದಲು ತಡೆದುಕೊಳ್ಳುವ ಅಭ್ಯಾಸ ಮಾಡಿ ಅಂತ ಒಂದು ಹಾಳೆ ಕೊಟ್ಟು ಕಳಿಸಿದರು.

ನನ್ನ ಪ್ರಶ್ನೆ ಇಲ್ಲೇ. ‘ಒಂದಕ್ಕೆ ಬಂದರೆ ತಡೀಬೇಡ’ ಅಂತ ಬೈಸಿಕೊಂಡೇ ಬೆಳೆದವಳು ನಾನು. ಈಗ ತಡೀರಿ ಅಂದರೆ? ಕಿಡ್ನಿಗೆ ಏನೂ ಆಗಲ್ವಾ? ತಡೆಯುವುದಾದರೂ ಹೇಗೆ? ಕೆಲಸದ ಹೊತ್ತಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ, ಆದರೂ ಕಡಿಮೆಯಾಗಿಲ್ಲ. ಅನುಭವ ಇರುವವರು ಹೇಳಿ. ‘ಧೈರ್ಯವಾಗಿರಿ’ ಅನ್ನುವ ಉತ್ತರ ಮಾತ್ರ ಬೇಡ, ಅದು ಮನೆಯಲ್ಲೇ ಸಿಗುತ್ತಿದೆ.

ಬಾಗಿಲ ಪಕ್ಕದ ಸೀಟು:

ಅಕ್ಕ, ನನ್ನ ಹೆಸರು ನೋಡಿದರೇ ಗೊತ್ತಾಗಬೇಕು, ನಾನೂ ನಿಮ್ಮ ಪಕ್ಷದವಳೇ. ವರ್ಷಗಳಿಂದ ಇದರ ಜೊತೆ ಸಂಸಾರ ಮಾಡುತ್ತಿದ್ದೇನೆ.

ಮೊದಲು ನೀರು. ಬಿಡಬೇಡಿ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ. ಅದು ಮೂತ್ರಕೋಶವನ್ನು ಇನ್ನೂ ಕೆಣಕುತ್ತದೆ. ಮಲಬದ್ಧತೆ ಬೇರೆ ಸೇರಿಕೊಳ್ಳುತ್ತದೆ, ಅದೂ ಮೂತ್ರಕೋಶವನ್ನು ಒತ್ತುತ್ತದೆ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಸಾಮಾನ್ಯವಾಗಿ ಸಾಕು. ಒಂದೇ ಸಲ ಸುರಿದುಕೊಳ್ಳದೆ ಸ್ವಲ್ಪ ಸ್ವಲ್ಪ ಕುಡಿಯಿರಿ. ಕಡಿಮೆ ಮಾಡಬೇಕಾದ್ದು ಕಾಫಿ, ಟೀ, ಗ್ಯಾಸ್ ತುಂಬಿದ ಪಾನೀಯ.

ಇನ್ನು ತಡೆಯುವ ವಿಷಯ. ಮನೆಯವರು ಬೈದದ್ದು ತುಂಬಿದ ಮೂತ್ರಕೋಶ ಇಟ್ಟುಕೊಂಡು ಗಂಟೆಗಟ್ಟಲೆ ಕೂರುವವರ ಬಗ್ಗೆ. ದೊಡ್ಡವರ ಮೂತ್ರಕೋಶ ಸುಮಾರು 300ರಿಂದ 500 ಮಿಲಿ ಹಿಡಿಯುತ್ತದೆ. ಹೋದರೆ ಸ್ವಲ್ಪವೇ ಬರುತ್ತದೆ ಅಂದರೆ ನಿಮ್ಮದು ತುಂಬಿಯೇ ಇರುವುದಿಲ್ಲ, ಸುಮ್ನೆ ಗಲಾಟೆ ಮಾಡುತ್ತಿರುತ್ತದೆ. ಹತ್ತು ಹದಿನೈದು ನಿಮಿಷ ತಡೆದರೆ ಕಿಡ್ನಿಗೆ ಏನೂ ಆಗಲ್ಲ.

ಹೇಗೆ ಅಂದರೆ, ಅವಸರ ಅಲೆಯ ಹಾಗೆ ಬರುತ್ತದೆ. ಏರುತ್ತದೆ, ಇಳಿಯುತ್ತದೆ. ನಾವು ಓಡುವುದು ಅದು ತುತ್ತತುದಿಯಲ್ಲಿರುವಾಗ. ಸೋರುವುದೂ ಆವಾಗಲೇ. ಹಾಗಾಗಿ ಅವಸರ ಬಂದಾಗ ಓಡಬೇಡಿ, ನಿಂತಲ್ಲೇ ನಿಲ್ಲಿ, ಕುರ್ಚಿ ಇದ್ದರೆ ಕೂರಿ. ಗ್ಯಾಸ್ ಹೋಗದಂತೆ ತಡೆಯುವಾಗ ಬಿಗಿಮಾಡುತ್ತೀರಲ್ಲ, ಆ ಸ್ನಾಯುವನ್ನು ಐದಾರು ಸಲ ಪಟಪಟ ಬಿಗಿದು ಬಿಡಿ. ಆ ಬಿಗಿತ ಮೂತ್ರಕೋಶದ ಸ್ನಾಯುವಿಗೆ ‘ಸಡಿಲವಾಗು’ ಅನ್ನುವ ಸೂಚನೆ. ಮನಸ್ಸಲ್ಲಿ ನೂರರಿಂದ ಏಳೇಳು ಕಳೆಯುತ್ತಾ ಬನ್ನಿ. ಅವಸರ ಇಳಿದ ಮೇಲೆ, ಹೋಗಬೇಕಿದ್ದರೆ ನಡೆದುಕೊಂಡು ಹೋಗಿ. ನಲ್ಲಿ ತಿರುಗಿಸುವ ಮೊದಲೇ ಹೀಗೆ ಬಿಗಿದುಕೊಳ್ಳಿ. ನೀರಿನ ಸದ್ದು ನಮ್ಮಂಥ ತುಂಬಾ ಜನರಿಗೆ ಶತ್ರು. ಹೊರಗಿಂದ ಬಂದು ಮನೆ ಬಾಗಿಲ ಬೀಗ ತೆಗೆಯುವಾಗಲೂ ಹೀಗೇ ಆಗುತ್ತದೆ.

ಒಂದು ಎಚ್ಚರಿಕೆ. ಮೂತ್ರ ಮಾಡುವಾಗ ಮಧ್ಯೆ ನಿಲ್ಲಿಸಿ ಈ ವ್ಯಾಯಾಮ ಮಾಡಬೇಡಿ. ಪೂರ್ತಿ ಖಾಲಿಯಾಗದೆ ಉಳಿದುಬಿಡುತ್ತದೆ.

ಮೂರು ದಿನ ಬರೆದಿಡಿ. ಎಷ್ಟು ಕುಡಿದಿರಿ, ಯಾವಾಗ ಹೋದಿರಿ, ಎಷ್ಟು ಬಂತು. ಹಳೇ ಅಳತೆ ಪಾತ್ರೆ ಸಾಕು. ಈಗ ಗಂಟೆಗೊಮ್ಮೆ ಹೋಗುತ್ತಿದ್ದರೆ ಒಂದು ವಾರ ಒಂದೂಕಾಲು ಗಂಟೆ ಮಾಡಿ. ಅದು ಸಲೀಸಾದ ಮೇಲೆ ಇನ್ನೂ 15 ನಿಮಿಷ. ಮೂರು ಗಂಟೆಯ ಹತ್ತಿರ ಬಂದರೆ ಬದುಕು ಎಷ್ಟೋ ಹಗುರ. ‘ಯಾವುದಕ್ಕೂ ಇರಲಿ’ ಅಂತ ಪ್ರತಿ ಗಿರಾಕಿಗೆ ಮೊದಲು ಹೋಗಿ ಬರುವುದನ್ನು ನಿಲ್ಲಿಸಿ. ಸ್ವಲ್ಪಕ್ಕೇ ಕರೆಯುವ ಚಾಳಿ ಮೂತ್ರಕೋಶಕ್ಕೆ ಅಂಟುವುದು ಅದರಿಂದಲೇ. ಫಲ ಕಾಣಲು ವಾರಗಳು ಬೇಕು, ನಾಳೆಯೇ ಆಗಲ್ಲ.

ಸಂಜೆ ವಾಕಿಂಗ್:

ಮೇಲಿನ ಮಾತು ಸರಿ. ಆದರೆ ಇದನ್ನು ಓದುವ ಗಂಡಸರಿಗೆ ಒಂದು ಮಾತು. ನನಗೂ ಇದೇ ಅವಸರ ಇತ್ತು. ಕಾರಣ ಪ್ರಾಸ್ಟೇಟ್ ಆಗಿತ್ತು. ಹೋಗಿ ಬಂದ ಮೇಲೂ ಒಳಗೆ ಮೂತ್ರ ಉಳಿಯುತ್ತಿತ್ತು. ಅಂಥವರು ಸುಮ್ನೆ ತಡೆಯುವ ಅಭ್ಯಾಸ ಶುರುಮಾಡಬಾರದು. ಹೋಗಿ ಬಂದ ಮೇಲೆ ಎಷ್ಟು ಉಳಿದಿದೆ ಅಂತ ಸ್ಕ್ಯಾನ್‌ನಲ್ಲಿ ನೋಡಿಸಿಕೊಳ್ಳಿ.

ಮೂತ್ರದಲ್ಲಿ ರಕ್ತ, ಉರಿ, ಜ್ವರ ಇದ್ದರೆ ಯಾರೇ ಆಗಲಿ ಡಾಕ್ಟರ್ ಹತ್ತಿರ ಹೋಗಿ. ಮೂತ್ರ ಕಟ್ಟಿಕೊಂಡರೆ ಅಥವಾ ತೊಡೆ ಸಂಧಿ, ಗುದದ ಸುತ್ತ ಇದ್ದಕ್ಕಿದ್ದಂತೆ ಮರಗಟ್ಟಿದರೆ ಮಾರನೇ ದಿನಕ್ಕೂ ಕಾಯಬೇಡಿ.

ನೀಲಿ ಕೊಡೆ:

ನನಗೆ ಅಭ್ಯಾಸ ಒಂದರಿಂದಲೇ ಆಗಲಿಲ್ಲ, ಮಾತ್ರೆ ಬೇಕಾಯಿತು. ಮೊದಲು ಸಾಲಿಫೆನಾಸಿನ್ ಕೊಟ್ಟರು. ಅವಸರ ಕಡಿಮೆಯಾಯಿತು, ಆದರೆ ಬಾಯಿ ಒಣಗಿ ಮರದ ತೊಗಟೆ. ಮಲಬದ್ಧತೆಯೂ ಬಂತು. ಈ ಗುಂಪಿನ ಕೆಲವು ಮಾತ್ರೆಗಳು ವಯಸ್ಸಾದವರ ನೆನಪಿನ ಮೇಲೆ ಪರಿಣಾಮ ಮಾಡಬಹುದು, ಮನೆಯ ಹಿರಿಯರಿಗೆ ಕೊಡುವ ಮೊದಲು ಕೇಳಿ. ಆಮೇಲೆ ಮಿರಾಬೆಗ್ರಾನ್‌ಗೆ ಬದಲಾಯಿಸಿದರು. ಬಾಯಿ ಒಣಗುವುದು ಹೋಯಿತು. ಅದು ಬಿಪಿ ಏರಿಸಬಹುದು, ಹಾಗಾಗಿ ನೋಡಿಸುತ್ತಿರಬೇಕು. ಯಾವುದೇ ಮಾತ್ರೆಗೂ ಒಂದು ತಿಂಗಳಾದರೂ ಸಮಯ ಕೊಡಬೇಕು. ಅದೂ ಆಗದಿದ್ದರೆ ಮೂತ್ರಕೋಶಕ್ಕೆ ಬೊಟಾಕ್ಸ್ ಇಂಜೆಕ್ಷನ್ ಇದೆ, ಕಣಕಾಲಿನ ಹತ್ತಿರ ನರಕ್ಕೆ ಸಣ್ಣ ಕರೆಂಟ್ ಕೊಡುವ ಚಿಕಿತ್ಸೆ ಇದೆ. ದಾರಿ ಮುಗಿಯುವುದಿಲ್ಲ ಅಂತ ಹೇಳಲಿಕ್ಕೆ ಬರೆದೆ.

ಕತ್ತರಿ ಬಾಚಣಿಗೆ:

ಎಲ್ಲರಿಗೂ ಥ್ಯಾಂಕ್ಸ್. ಸ್ಕ್ಯಾನ್‌ನಲ್ಲಿ ಮೂತ್ರ ಉಳಿದಿಲ್ಲ ಅಂತಲೇ ಬಂದಿದೆ, ರಿಪೋರ್ಟ್ ಮತ್ತೆ ನೋಡಿದೆ. ರಾತ್ರಿಯದ್ದಕ್ಕೆ ಏನು ಮಾಡಲಿ?

ಬಾಗಿಲ ಪಕ್ಕದ ಸೀಟು:

ಸಂಜೆಗೆ ಕಾಲು ಊದುತ್ತದಾ? ದಿನವಿಡೀ ನಿಂತರೆ ಕಾಲಲ್ಲಿ ನೀರು ಇಳಿದಿರುತ್ತದೆ. ಮಲಗಿದಾಗ ಅದು ರಕ್ತಕ್ಕೆ ಮರಳಿ, ಕಿಡ್ನಿ ಅದನ್ನು ಮೂತ್ರ ಮಾಡುತ್ತದೆ. ಮಲಗುವ ಕೆಲವು ಗಂಟೆ ಮೊದಲೇ ಸ್ವಲ್ಪ ಹೊತ್ತು ಕಾಲು ಎತ್ತರದಲ್ಲಿಟ್ಟುಕೊಂಡು ಒರಗಿ. ಹೋಗಬೇಕಾದ್ದು ಎಚ್ಚರದಲ್ಲೇ ಹೋಗಿಬಿಡುತ್ತದೆ. ಮಲಗುವ ಮೊದಲಿನ ಎರಡು ಗಂಟೆ ಹೆಚ್ಚು ಕುಡಿಯಬೇಡಿ. ಬಿಪಿಗೆ ಅಂತ ನೀರಿಳಿಸುವ ಮಾತ್ರೆ ಏನಾದರೂ ತಗೊಳ್ಳುತ್ತಿದ್ದರೆ ಅದರ ಹೊತ್ತು ಬದಲಾಯಿಸಬಹುದಾ ಅಂತ ಡಾಕ್ಟರನ್ನೇ ಕೇಳಿ.

ಕತ್ತರಿ ಬಾಚಣಿಗೆ:

ಬಿಪಿ ಮಾತ್ರೆ ಇಲ್ಲ. ಕಾಲು ಊದುತ್ತದೆ, ಕಾಲುಚೀಲದ ಗುರುತು ರಾತ್ರಿವರೆಗೂ ಹೋಗುವುದಿಲ್ಲ. ಕಾಲಿನ ನೀರಿಗೂ ಇದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ. ನಾಳೆಯಿಂದಲೇ ಬರೆದಿಡುತ್ತೇನೆ. ಅಳತೆ ಪಾತ್ರೆಗೆ ಬರವಿಲ್ಲ, ಬಣ್ಣ ಕಲಸುವುದಕ್ಕೆ ಅಂತ ಬೇಕಾದಷ್ಟಿವೆ.

ಬಾಗಿಲ ಪಕ್ಕದ ಸೀಟು:

ಒಂದನ್ನು ತೆಗೆದುಕೊಂಡು ಮನೆಯಲ್ಲೇ ಇಟ್ಟುಬಿಡಿ. ಪಾರ್ಲರ್‌ಗೆ ವಾಪಸ್ ತರಬೇಡಿ ಮತ್ತೆ!