ಇಂಟರ್‌ರೆಗ್ನಮ್‌ಗೆ ‘ಅರಾಜಕ ಕಾಲ’ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸ್ಟುವರ್ಟ್ ಮನೆತನದ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. 1603ರಿಂದ 1714ರ ಕಾಲರೇಖೆಯಲ್ಲಿ 1649–1660ರ ತುಂಡಿಗೆ ‘ಇಂಟರ್‌ರೆಗ್ನಮ್’ ಅಂತಿದೆ, ಅಂದರೆ ಇಬ್ಬರು ಅರಸರ ಆಳ್ವಿಕೆಯ ನಡುವಿನ ಕಾಲ. ಎರಡು ಪದಕ್ಕಷ್ಟೇ ಜಾಗ. ‘ಅರಾಜಕ ಕಾಲ’ ಅಂತ ಹಾಕಿದ್ದೇನೆ. ಸರಿನಾ?

ಉತ್ತರ:
ಸರಿಯಿಲ್ಲ. ಬಿಡಿಸಿದರೆ ‘ರಾಜನಿಲ್ಲದ’ ಅನ್ನೋ ಅರ್ಥ ಹೊಂದುತ್ತೆ, ಆದರೆ ಓದುವವರಿಗೆ ಕಾಣೋದು ದೊಂಬಿ, ಲೂಟಿ. ‘ಅರಸಿಲ್ಲದ ಕಾಲ’ ಅನ್ನಿ. ನಮ್ಮದೇ ಪದ ಇರುವಾಗ ಸಂಸ್ಕೃತದ ಸಾಲ ಯಾಕೆ? ಸ್ಟುವರ್ಟ್ ಅನ್ನೋದೇ ‘ಸ್ಟೀವರ್ಡ್’, ಅಂದರೆ ಮನೆವಾರ್ತೆ ನೋಡಿಕೊಳ್ಳುವ ಹುದ್ದೆಯಿಂದ ಬಂದ ಹೆಸರು. ನಮ್ಮ ಶಾಸನಗಳ ‘ಮನೆವೆರ್ಗಡೆ’ಗೆ ಹತ್ತಿರದ್ದು. ಹುಡುಕಿದರೆ ಎಲ್ಲಕ್ಕೂ ಕನ್ನಡ ಸಿಗುತ್ತೆ.

ಉತ್ತರ:
ಸ್ವಾಮಿ, ‘ಅರಸ’ವನ್ನು ನಮ್ಮ ವ್ಯಾಕರಣಗಳು ‘ರಾಜ’ದ ತದ್ಭವ ಅಂತಲೇ ಹೇಳುತ್ತವೆ, ಅಲ್ವಾ? ‘ಕಾಲ’ವೂ ಸಂಸ್ಕೃತದ್ದೇ. ಸಾಲದ ಮಾತು ಇಲ್ಲಿಗೆ ಬಿಡಿ.

ಅರಾಜಕ ಬೇಡ ಅನ್ನೋದನ್ನು ಒಪ್ಪುತ್ತೇನೆ. 1649ರ ಜನವರಿ 30ರಂದು ಲಂಡನ್ನಿನ ವೈಟ್‌ಹಾಲ್‌ನಲ್ಲಿ ದೊರೆ ಒಂದನೇ ಚಾರ್ಲ್ಸನ ತಲೆ ಕಡಿದರು. ಆಡಳಿತ ನಿಲ್ಲಲಿಲ್ಲ. ಮೊದಲು ಪಾರ್ಲಿಮೆಂಟು ಆಳಿತು. 1653ರ ಡಿಸೆಂಬರಿನಲ್ಲಿ ಪಾರ್ಲಿಮೆಂಟ್ ಪಕ್ಷದ ಸೇನಾನಾಯಕ ಕ್ರಾಮ್‌ವೆಲ್ ‘ಲಾರ್ಡ್ ಪ್ರೊಟೆಕ್ಟರ್’, ಅಂದರೆ ದೇಶದ ಮುಖ್ಯಸ್ಥ ಆದ. 1655ರಲ್ಲಿ ಸೀಮೆ ಸೀಮೆಗೂ ಒಬ್ಬೊಬ್ಬ ಮೇಜರ್ ಜನರಲ್‌ನನ್ನು ಕೂರಿಸಿದ. ಇಷ್ಟು ಬಿಗಿ ಇದ್ದ ಕಡೆ ಎಲ್ಲಿಯ ಅರಾಜಕತೆ?

ಆದರೆ ‘ಅರಸಿಲ್ಲದ’ ಅಂದರೂ ಒಂದು ಪಕ್ಷ ಹಿಡಿದ ಹಾಗೆ. ಮಗ ಚಾರ್ಲ್ಸ್ ಲಂಡನ್ನಿಗೆ ವಾಪಸ್ ಬಂದದ್ದು 1660ರ ಮೇ 29ಕ್ಕೆ. ಆ ವರ್ಷದ ನ್ಯಾವಿಗೇಷನ್ ಕಾಯ್ದೆ (ಹಡಗು ವ್ಯಾಪಾರದ ಕಾನೂನು) ದಾಖಲಾಗಿರೋದು ‘ಎರಡನೇ ಚಾರ್ಲ್ಸನ 12ನೇ ವರ್ಷ’ ಅಂತ. ಅಪ್ಪ ಸತ್ತ ದಿನದಿಂದಲೇ ಆಳ್ವಿಕೆಯ ಎಣಿಕೆ! ರಾಜಪಕ್ಷದವರ ಲೆಕ್ಕದಲ್ಲಿ ಗಾದಿ ಒಂದು ದಿನವೂ ಖಾಲಿ ಇರಲಿಲ್ಲ. ಶಾಲೆಯ ಮಕ್ಕಳಿಗೆ ಈ ಜಗಳ ಗೊತ್ತಾಗಬೇಕು, ಆದರೆ ಕಾಲರೇಖೆಯ ಹೆಸರೇ ತೀರ್ಪು ಕೊಡಬಾರದು.

ಯಾರು ಇರಲಿಲ್ಲ ಅನ್ನೋದಕ್ಕಿಂತ ಯಾವ ಆಡಳಿತ ಇತ್ತು ಅಂತ ಹೆಸರಿಡೋದು ಮೇಲು. ಮೈಸೂರಿನ 1831–1881ಕ್ಕೆ ಕಮಿಷನರುಗಳ ಆಡಳಿತ ಅಂತೀವಿ. ಮುಮ್ಮಡಿ ಕೃಷ್ಣರಾಜ ಒಡೆಯರು 1868ರ ತನಕ ಬದುಕಿದ್ದರು, ಅಧಿಕಾರ ಮಾತ್ರ ಕೈಯಲ್ಲಿರಲಿಲ್ಲ. 1649ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ಇಂಗ್ಲೆಂಡನ್ನು ‘ಕಾಮನ್‌ವೆಲ್ತ್’, ಅಂದರೆ ಗಣರಾಜ್ಯ ಅಂತ ಸಾರಿತು. ಅದನ್ನೇ ಹಾಕಿದರೆ ಮಕ್ಕಳಿಗೆ ಕಾಮನ್‌ವೆಲ್ತ್ ಕ್ರೀಡಾಕೂಟ ನೆನಪಾಗುತ್ತೆ. ‘ಗಣರಾಜ್ಯ ಕಾಲ’ ಹಾಕಿ.

ಕೇಳಿದವರು:
‘ಗಣರಾಜ್ಯ ಕಾಲ’ ಹಾಕಿದೆ. ತುಂಬಾ ಉಪಕಾರವಾಯಿತು. ಮುಂದಿನ ಬಾಣದಲ್ಲಿ 1660ರ ‘ರೆಸ್ಟೊರೇಷನ್’ ಇದೆ. ‘ಪುನಃಸ್ಥಾಪನೆ’ ಸಾಕಾ?

ಉತ್ತರ:
ಮತ್ತೆ ಸಂಸ್ಕೃತ! ಏನು ಪುನಃಸ್ಥಾಪನೆ ಅಂತ ಮಕ್ಕಳು ಕೇಳಲ್ವಾ? ‘ದೊರೆತನ ಮರಳಿತು’ ಅನ್ನಿ. ಎರಡೇ ಪದ.