ಸಿಟಿ ಸ್ಕ್ಯಾನ್ ಸೂಚನೆ ಚೀಟಿ: ‘ಉಪವಾಸ’, ‘ಡೈ’, ‘ಬಿಡುವುದು’ – ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಮುಂಬಯಿಯ ಪರೇಲಿನ ಆಸ್ಪತ್ರೆಗಳಿಗೆ ಚಿಕಿತ್ಸೆಗೆಂದು ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬರುವವರಲ್ಲಿ ಕನ್ನಡ ಬಿಟ್ಟು ಬೇರೆ ಓದಲು ಬಾರದವರು ಬಹಳ. ಅವರ ಕೈಗೆ ಸಿಗುವ ಸೂಚನೆ ಚೀಟಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನದು. ಡೊಂಬಿವಲಿಯ ನಾವು ಕೆಲವರು ಸೇರಿ, ನರಕ್ಕೆ ‘ಡೈ’ ಎಂಬ ಔಷಧ ಹಾಕಿ ಮಾಡುವ ಸಿಟಿ ಸ್ಕ್ಯಾನಿಗೆ ಒಂದು ಕನ್ನಡ ಚೀಟಿ ಬರೆಯುತ್ತಿದ್ದೇವೆ. ವೈದ್ಯರೊಬ್ಬರು ವಿಷಯ ನೋಡಿಕೊಡುತ್ತಾರೆ. ನನಗೆ ಬೇಕಾಗಿರುವುದು ಮಾತಿನ ಸಹಾಯ.

ಮೊದಲ ತೊಡಕು ಮೊದಲ ಸಾಲಿನಲ್ಲೇ ಇದೆ. ಮರಾಠಿ ಚೀಟಿಯಲ್ಲಿ ‘ಉಪಾಶಿ ಪೋಟೀ’ ಎಂದಿರುತ್ತದೆ. ಮರಾಠಿಗರಿಗೆ ‘ಉಪಾಶಿ’ ಬೇರೆ, ‘ಉಪವಾಸ’ ಬೇರೆ. ಉಪಾಶಿ ಎಂದರೆ ಹೊಟ್ಟೆಗೆ ಏನೂ ಇಲ್ಲದಿರುವುದು. ಉಪವಾಸ ಎಂದರೆ ಏಕಾದಶಿ, ಚತುರ್ಥಿ, ಸೋಮವಾರದ ವ್ರತ. ನಮ್ಮಲ್ಲಿ ಎರಡಕ್ಕೂ ಒಂದೇ ಪದ. ‘ಮಕ್ಕಳು ಉಪವಾಸ ಬಿದ್ದಾವ’ ಎಂದರೆ ಹಸಿವು, ‘ಇವತ್ತು ನನ್ನ ಉಪವಾಸ’ ಎಂದರೆ ವ್ರತ. ಚೀಟಿಯಲ್ಲಿ ‘4 ಗಂಟೆ ಉಪವಾಸ ಇರಬೇಕು’ ಎಂದು ಬರೆದರೆ ಇಲ್ಲಿನ ನಮ್ಮ ಹೆಂಗಸರು ಸಾಬುದಾಣಿ ಖಿಚಡಿ ತಿಂದು, ಮೇಲೊಂದು ಬಾಳೆಹಣ್ಣು ಮುಗಿಸಿ, ಶುದ್ಧ ಉಪವಾಸದಲ್ಲೇ ಸ್ಕ್ಯಾನಿಗೆ ಬರುತ್ತಾರೆ. ಶೇಂಗಾ, ರಾಜಗಿರಿ ಲಾಡು, ಚಹಾ ಎಲ್ಲವೂ ಉಪವಾಸಕ್ಕೆ ನಡೆಯುತ್ತವಲ್ಲ! ಇನ್ನೊಂದು ತುದಿಗೆ ನಿರ್ಜಲದವರಿದ್ದಾರೆ. ಹನಿ ನೀರೂ ಮುಟ್ಟದೆ ಕೂತುಬಿಡುತ್ತಾರೆ. ಅದು ಮೊದಲಿನದಕ್ಕಿಂತ ಕೆಟ್ಟದ್ದು. ಒಳಗೆ ಹೋದ ಡೈಯನ್ನು ಹೊರಹಾಕುವುದು ಕಿಡ್ನಿ. ಮೈ ಒಣಗಿದ್ದರೆ ಅದಕ್ಕೇ ಕಷ್ಟ. ವೈದ್ಯರು ಬೇಡವೆಂದವರನ್ನು ಬಿಟ್ಟರೆ ಉಳಿದವರು ಸ್ಕ್ಯಾನಿಗೆ ಮುಂಚೆಯೂ ಆಮೇಲೂ ನೀರು ಕುಡಿಯುವುದೇ ಒಳ್ಳೆಯದು.

‘ಖಾಲಿ ಹೊಟ್ಟೆ’ ಆಗಬಹುದೇ ಎಂದರೆ ಅದಕ್ಕೂ ಒಂದು ಕಂಟಕ. ಕರಾವಳಿಯವರಾಗಲಿ ಬಯಲುಸೀಮೆಯವರಾಗಲಿ ಚಹಾವನ್ನು ಹೊಟ್ಟೆಗೆ ಬಿದ್ದದ್ದು ಎಂದು ಲೆಕ್ಕ ಹಿಡಿಯುವುದಿಲ್ಲ. ‘ಏನೂ ತಿಂದಿಲ್ರೀ, ಬರೇ ಚಾ ಕುಡದೀನಿ.’ ಹಾಗಾಗಿ ಪದವನ್ನೇ ಬಿಟ್ಟು ‘ಊಟ, ತಿಂಡಿ, ಹಣ್ಣು, ಹಾಲು, ಚಹಾ ಯಾವುದೂ ಬೇಡ, ಬರೇ ನೀರು ಕುಡಿಯಬಹುದು’ ಎಂದು ಬಿಡಿಸಿ ಬರೆಯುವುದು ನನ್ನ ಒಲವು. (ಈಗಿನ ಅಯೋಡಿನ್ ಇರುವ ಡೈಗಳಿಗೆ ಹೊಟ್ಟೆ ಖಾಲಿ ಇರಬೇಕಾದ ಅಗತ್ಯವೇ ಇಲ್ಲವೆಂದು ಅಮೆರಿಕ, ಯುರೋಪಿನ ರೇಡಿಯಾಲಜಿ ತಜ್ಞರ ಸಂಘಗಳು ಹೇಳುತ್ತವೆ. ಆದರೂ ಇಲ್ಲಿನ ಅನೇಕ ಸೆಂಟರುಗಳು 4 ಗಂಟೆ ಎನ್ನುತ್ತವೆ. ಸ್ಕ್ಯಾನ್ ಮಾಡುವವರ ಮಾತೇ ನಡೆಯಲಿ.)

ಎರಡನೆಯದು ‘ಡೈ’. ಹಿಂದಿಯವರು ರಂಗ್ ಎಂದುಬಿಡುತ್ತಾರೆ, ನಮ್ಮವರಲ್ಲಿ ಕೆಲವರು ‘ಬಣ್ಣದ ಇಂಜೆಕ್ಷನ್’ ಎನ್ನುತ್ತಾರೆ. ವಾಸ್ತವದಲ್ಲಿ ಸಿರಿಂಜಿನಲ್ಲಿ ಇರುವುದು ನೀರಿನಂತೆ ತಿಳಿಯಾದ ದ್ರವ. ಅದರ ಅಯೋಡಿನ್ ಎಕ್ಸ್‌ರೇಯನ್ನು ತಡೆಯುವುದರಿಂದ ರಕ್ತನಾಳ, ಗಡ್ಡೆಗಳು ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ಬಣ್ಣವೇನಿದ್ದರೂ ಚಿತ್ರದಲ್ಲಿ, ಮೈಯಲ್ಲಲ್ಲ. ಆದರೆ ‘ಬಣ್ಣ’ ಎಂದು ಕೇಳಿದವರು ಉಚ್ಚೆ ಕೆಂಪಾದೀತೇ, ಮೈ ಕಪ್ಪಾದೀತೇ ಎಂದು ಕೇಳುತ್ತಾರೆ. ತಪ್ಪು ಅವರದ್ದಲ್ಲ. ‘ವೈದೃಶ್ಯಕಾರಿ’ ಎಂಬ ಪುಸ್ತಕದ ಪದ ಬರೆದರೆ ಓದುವವನಿಗಿಂತ ಬರೆದವನಿಗೇ ಹೆಚ್ಚು ಸಂತೋಷ. ‘ಡೈ’ ಎಂದೇ ಇಟ್ಟುಕೊಂಡು ‘ಚಿತ್ರ ಸ್ಪಷ್ಟವಾಗಲು ಕೊಡುವ, ಬಣ್ಣವಿಲ್ಲದ ಔಷಧ’ ಎಂಬ ಒಂದು ಸಾಲು ಸೇರಿಸಿದರೆ ಸಾಕೇ?

ಮೂರನೆಯದು ‘ಬಿಡು’. ಇದು ತಮಾಷೆಯಲ್ಲ. ‘ನರಕ್ಕ ಡೈ ಬಿಡ್ತಾರ’ ಎಂದರೆ ಒಳಗೆ ಹರಿಸುತ್ತಾರೆ, ಹೊಲಕ್ಕೆ ನೀರು ಬಿಟ್ಟಂತೆ. ‘ಶುಗರ್ ಗುಳಿಗಿ ಬಿಡ್ರಿ’ ಎಂದರೆ ತೆಗೆದುಕೊಳ್ಳಬೇಡಿ. ಎರಡೂ ಒಂದೇ ಚೀಟಿಯಲ್ಲಿ ಬರುತ್ತವೆ. ಕಿಡ್ನಿ ತೀರ ದುರ್ಬಲವಾಗಿರುವವರಿಗೆ, ಅಂದರೆ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಳತೆ) 30ಕ್ಕಿಂತ ಕಡಿಮೆ ಇದ್ದರೆ, ಮೆಟ್‌ಫಾರ್ಮಿನ್ ಎಂಬ ಶುಗರ್ ಗುಳಿಗೆಯನ್ನು ಸ್ಕ್ಯಾನಿನ ಹೊತ್ತಿಗೆ ನಿಲ್ಲಿಸಿ 48 ಗಂಟೆ ಕಳೆದ ಮೇಲೆ ಕಿಡ್ನಿ ಪರೀಕ್ಷೆ ನೋಡಿ ಮತ್ತೆ ಶುರು ಮಾಡಿಸುತ್ತಾರೆ. ಸ್ಕ್ಯಾನಿಗೆ ಮುಂಚೆ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಯ ರಿಪೋರ್ಟ್ ಕೇಳುವುದು ಕಿಡ್ನಿ ಹೇಗಿದೆ ಎಂದು ತಿಳಿಯಲು. ಬಿಪಿ ಗುಳಿಗೆಯನ್ನು ಮಾತ್ರ ಸಾಮಾನ್ಯವಾಗಿ ಗುಟುಕು ನೀರಿನ ಜೊತೆ ನುಂಗಬೇಕು. ‘ಬಿಡಿ’ ಎಂದರೆ ಎಲ್ಲ ಗುಳಿಗೆಯನ್ನೂ ಬಿಟ್ಟುಬಿಡುವವರಿದ್ದಾರೆ. ‘ಹಾಕುವುದು’, ‘ನಿಲ್ಲಿಸುವುದು’ ಎಂದು ಬೇರೆ ಮಾಡಿದ್ದೇನೆ. ‘ಹಾಕು’ ಸುಲಭಕ್ಕೆ ಒಪ್ಪುವುದೇ?

‘ಅಲರ್ಜಿ’ಗೆ ನನಗೆ ಇಷ್ಟವಾದದ್ದು ‘ಆಗಿಬರದಿರುವುದು’. ‘ನಿಮಗ ಯಾವ ಔಷಧ ಆಗಿಬರಂಗಿಲ್ಲ?’ ಎಂದರೆ ಯಾರಿಗೂ ತಿಳಿಯುತ್ತದೆ. ತೊಂದರೆಯೆಂದರೆ ಬದನೆಕಾಯಿ ತಿಂದರೆ ವಾಯುವಾಗುವುದೂ ಅದರಲ್ಲಿ ಸೇರುತ್ತದೆ. ಹಾಗಾಗಿ ‘ಹಿಂದೆ ಡೈ ಹಾಕಿದಾಗ ಪಿತ್ತದ ಗಂಧೆ ಎದ್ದಿತ್ತೇ, ಉಸಿರು ಕಟ್ಟಿತ್ತೇ, ದಮ್ಮು ಇದೆಯೇ’ ಎಂದು ಲಕ್ಷಣಗಳನ್ನೇ ಕೇಳುವುದು ಮೇಲು. ಸಿಗಡಿ, ಏಡಿ ಆಗಿಬರದವರು ‘ಅದರಲ್ಲೂ ಅಯೋಡಿನ್ ಇದೆ, ನನಗೆ ಡೈ ಬೇಡ’ ಎಂದು ಹೆದರುತ್ತಾರೆ. ಆ ಅಲರ್ಜಿ ಹುಟ್ಟುವುದು ಸಿಗಡಿಯ ಪ್ರೋಟೀನಿನಿಂದ, ಅಯೋಡಿನ್‌ನಿಂದಲ್ಲ. ಇದನ್ನೂ ಒಂದು ಸಾಲಿನಲ್ಲಿ ಹಾಕಿದ್ದೇನೆ.

ಡೈ ಒಳಹೋಗುವಾಗ ಮೈ ಬಿಸಿಯೇರುತ್ತದೆ, ಬಾಯಿ ಕಬ್ಬಿಣ ನೆಕ್ಕಿದಂತಾಗುತ್ತದೆ, ಉಚ್ಚೆ ಹೋದಂತೆ ಅನಿಸುತ್ತದೆ. ಒಂದೆರಡು ನಿಮಿಷದೊಳಗೆ ಎಲ್ಲ ಸರಿಹೋಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ವಯಸ್ಸಾದವರು ನಾಚಿಕೆಯಿಂದ ಮುದುಡಿಕೊಂಡು ಅಲುಗಾಡುತ್ತಾರೆ, ಚಿತ್ರ ಕೆಡುತ್ತದೆ. ಚೀಟಿಯಲ್ಲಿ ‘ಮೂತ್ರ’ ಬರೆಯಬೇಕೇ, ‘ಉಚ್ಚೆ’ಯೇ? ನಮ್ಮ ಗುಂಪಿನಲ್ಲಿ ಇದಕ್ಕೇ ಅತಿ ಹೆಚ್ಚು ವಾದವಾಗಿದೆ. ನನ್ನ ಮತ ‘ಉಚ್ಚೆ’ಗೆ.

ಕೊನೆಯದು, ಸ್ಕ್ಯಾನ್ ನಡೆಯುವಾಗ ಯಂತ್ರದ ಧ್ವನಿ ಹಿಂದಿಯಲ್ಲಿ ಹೇಳುವ ‘ಸಾಂಸ್ ರೋಕೋ’. ‘ಉಸಿರು ಕಟ್ಟಿ’ ಎಂದರೆ ಭಯವಾಗುತ್ತದೆ, ‘ಉಸಿರು ನಿಲ್ಲಿಸಿ’ ಎಂದರೆ ಇನ್ನೂ ಭಯ. ‘ಉಸಿರು ಹಿಡಿದುಕೊಳ್ಳಿ’ ಹೊಂದುತ್ತದೆ ಎನಿಸುತ್ತದೆ. ಬೀದರ್, ರಾಯಚೂರು ಕಡೆಯವರು ‘ದಮ್ಮು ಹಿಡಿ’ ಎನ್ನುವಿರೇ? ಸೊಲ್ಲಾಪುರದ ಕನ್ನಡದಲ್ಲಿ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ. ಮುದ್ರಣಕ್ಕೆ ಕೊಡುವ ಮೊದಲು ತಿದ್ದಿಕೊಳ್ಳುತ್ತೇವೆ.