ಹತ್ತಡಿ ಕೋಣೆಗೆ ಯಾವ ಸ್ಪೀಕರ್? ತಾಳಮದ್ದಳೆ ರೆಕಾರ್ಡ್ ಮಾಡುವವರು ಸ್ವಲ್ಪ ಹೇಳಿ

ಬದಿಯಡ್ಕದಿಂದ, ಕೇಳುವವ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಉಪ್ಪರಿಗೆಯಲ್ಲಿ ಒಂದು ಕೋಣೆ ಖಾಲಿ ಉಂಟು. ಉದ್ದ 10 ಅಡಿ, ಅಗಲ 10 ಅಡಿ, ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ಮುರಕಲ್ಲಿನ ಗೋಡೆ, ಒಳಗೆ ಸಿಮೆಂಟ್ ಸಾರಣೆ. ಒಂದು ಕಿಟಕಿ, ಒಂದು ಸ್ಟೀಲ್ ಕಪಾಟು. ಊರಿನ ತಾಳಮದ್ದಳೆ, ಭಜನೆ ರೆಕಾರ್ಡ್ ಮಾಡಿ ತಂದು ಇಲ್ಲಿ ಕೂತು ಮಿಕ್ಸ್ ಮಾಡುತ್ತೇನೆ. ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ಮೈಕಿನ ಇಂಟರ್‌ಫೇಸ್ ಉಂಟು, ಲ್ಯಾಪ್‌ಟಾಪ್ ಉಂಟು. ಕೇಳುವುದು ಮಾತ್ರ ಹಳೇ ಕಂಪ್ಯೂಟರ್ ಸ್ಪೀಕರಿನಲ್ಲಿ, ಸಬ್‌ವೂಫರ್ ಸಮೇತ. ಇಲ್ಲಿ ಚೆನ್ನಾಗಿ ಕೇಳಿದ್ದು ಫೋನಿನಲ್ಲಿ ಬೇರೆ, ಕಾರಿನಲ್ಲಿ ಬೇರೆ. ಸ್ಟುಡಿಯೋ ಮಾನಿಟರ್, ಅಂದರೆ ರೆಕಾರ್ಡ್ ಇದ್ದದ್ದನ್ನು ಇದ್ದ ಹಾಗೆ ಕೇಳಿಸುವ ಸ್ಪೀಕರ್, ತೆಗೆದುಕೊಳ್ಳಬೇಕು ಅಂತ ಇದ್ದೇನೆ. ಒಟ್ಟು 20 ಸಾವಿರ, ಅದಕ್ಕಿಂತ ಮೇಲೆ ಆಗುವುದಿಲ್ಲ. ಸ್ಪೀಕರಿನ ಕೋನು ಮೂರೂವರೆ ಇಂಚು ಸಾಕಾ, ಐದು ಇಂಚು ಬೇಕಾ? ಸಬ್‌ವೂಫರ್ ಬೇಕಾ? ಗೋಡೆಗೆ ಮೊಟ್ಟೆ ಟ್ರೇ ಅಂಟಿಸಲಿಕ್ಕೆ ಒಬ್ಬರು ಹೇಳಿದ್ದಾರೆ. ಮಾಡಿ ನೋಡಿದವರು ಹೇಳಿ.

ಕುಂಬಳೆಯಿಂದ:

ಮಾರಾಯ್ರೆ, ಯಾವ ಸ್ಪೀಕರ್ ಅಂತ ಕೇಳುವ ಮೊದಲು ಎಲ್ಲಿ ಇಡುತ್ತೀರಿ ಅಂತ ಹೇಳಿ. ನಾನು ಮಾಡಿದ ತಪ್ಪು ಹೇಳುತ್ತೇನೆ.

ನಮ್ಮಲ್ಲಿ ಕಿಟಕಿ ಬಾಗಿಲು ಒಳಗೆ ತೆರೆಯುವುದು. ಅದಕ್ಕೆ ಜಾಗ ಬೇಕಲ್ಲ ಅಂತ ಮೇಜನ್ನು ಗೋಡೆಯಿಂದ ಈಚೆ ಎಳೆದು ಇಟ್ಟಿದ್ದೆ. ಸ್ಪೀಕರಿನ ಮುಖದಿಂದ ಹಿಂದಿನ ಗೋಡೆಗೆ ಸರಿಯಾಗಿ 75 ಸೆಂಟಿಮೀಟರ್. ಆಗ ಒಂದು ತಾಳಮದ್ದಳೆ ಮಿಕ್ಸ್ ಮಾಡಿದೆ. ಭಾಗವತರ ಪದ ಚಂದ, ಚೆಂಡೆ ಚಂದ, ಆದರೆ ಅರ್ಥಧಾರಿಯ ಸ್ವರ ಮಾತ್ರ ಯಾಕೋ ತೆಳು. ಅವರದು ಒಳ್ಳೆ ಗಡಸು ಗಂಟಲು. ಹೀಗಾಗುವುದು ಹೇಗೆ ಅಂತ ತಲೆ ಕೆಡಿಸಿಕೊಂಡು ತಗ್ಗು ಭಾಗವನ್ನು, ಅಂದರೆ ಬೇಸನ್ನು, ನಾಲ್ಕು ಡೆಸಿಬೆಲ್ ಏರಿಸಿದೆ. ಕಾರಿನಲ್ಲಿ ಕೇಳಲಿಕ್ಕೆ ಪೆನ್‌ಡ್ರೈವಿಗೆ ಹಾಕಿ ಅವರಿಗೇ ಕೊಟ್ಟೆ. ರಾತ್ರಿ ಫೋನ್ ಬಂತು. "ಇದೆಂತ ಮಾರಾಯ, ನಾನು ಕೊಡಪಾನದ ಒಳಗೆ ಕೂತು ಅರ್ಥ ಹೇಳಿದ ಹಾಗೆ ಉಂಟಲ್ಲ?"

ಆಮೇಲೆ ಗೊತ್ತಾಯಿತು. ತಗ್ಗಿನ ಸದ್ದು ಸ್ಪೀಕರಿನ ಮುಂದೆ ಮಾತ್ರ ಹೋಗುವುದಲ್ಲ, ಹಿಂದಕ್ಕೂ ಹೋಗುತ್ತದೆ. ಗೋಡೆಗೆ ಹೊಡೆದು ವಾಪಸ್ ಬರುವಾಗ ಅರ್ಧ ಅಲೆಯಷ್ಟು ತಡ ಆದರೆ ಮುಂದಿನ ಸದ್ದನ್ನೇ ಅಳಿಸಿಬಿಡುತ್ತದೆ. ಲೆಕ್ಕ ಸುಲಭ: ನಮ್ಮ ಸೆಕೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಅದನ್ನು ಗೋಡೆಯ ದೂರದ ನಾಲ್ಕು ಪಟ್ಟಿನಿಂದ ಭಾಗಿಸಿ. 75 ಸೆಂಟಿಮೀಟರಿಗೆ 115 ಹರ್ಟ್ಸಿನ ಆಸುಪಾಸು ಬರುತ್ತದೆ. ಗಂಡಸಿನ ಮಾತಿನ ಬುಡ ಇರುವುದೇ ಅಲ್ಲಿ. ಸ್ವರ ರೆಕಾರ್ಡಿನಲ್ಲಿ ಸರಿಯಾಗಿಯೇ ಇತ್ತು. ನನ್ನ ಕುರ್ಚಿಗೆ ಮಾತ್ರ ಬರುತ್ತಿರಲಿಲ್ಲ. ಆ ಹೊಂಡ ತುಂಬಿಸಲಿಕ್ಕೆ ನಾನು ಏರಿಸಿದ್ದೆಲ್ಲ ಅವರ ಕಾರಿನಲ್ಲಿ ಹೊರಬಂತು.

ಈಗ ಕಿಟಕಿ ಇಲ್ಲದ ಗೋಡೆಗೆ ಮೇಜು ತಿರುಗಿಸಿದ್ದೇನೆ. ಸ್ಪೀಕರಿನ ಬೆನ್ನಿಗೂ ಗೋಡೆಗೂ ಒಂದು ಗೇಣು. ಹತ್ತಿರ ಇಟ್ಟರೆ ತಗ್ಗು ಸ್ವಲ್ಪ ಉಬ್ಬುತ್ತದೆ, ನಿಜ. ಆದರೆ ಉಬ್ಬನ್ನು ಸ್ಪೀಕರಿನ ಹಿಂದಿನ ಸ್ವಿಚ್ಚಿನಲ್ಲಿ ಇಳಿಸಬಹುದು. ಹೊಂಡವನ್ನು ಯಾವ ಸ್ವಿಚ್ಚೂ ತುಂಬುವುದಿಲ್ಲ.

ನಿಮ್ಮ ಕೋಣೆಗೆ ಇನ್ನೊಂದು ಕಷ್ಟ ಉಂಟು. ಉದ್ದ, ಅಗಲ, ಎತ್ತರ ಮೂರೂ ಒಂದೇ. ಹತ್ತಡಿಗೆ ಮೊದಲ ಅನುರಣನ, ಅಂದರೆ ಕೋಣೆಯೇ ಸೇರಿ ಗುಂಯ್‌ಗುಡುವುದು, ಸುಮಾರು 57 ಹರ್ಟ್ಸಿನಲ್ಲಿ ಬರುತ್ತದೆ. ನಿಮ್ಮಲ್ಲಿ ಮೂರು ದಿಕ್ಕಿನದ್ದೂ ಅಲ್ಲಿಯೇ ಒಟ್ಟು ಸೇರುತ್ತದೆ. ಮೂಲೆಯಲ್ಲಿ ನಿಂತರೆ ಗುಂಯ್, ನಟ್ಟನಡುವೆ ಕೂತರೆ ಏನೂ ಇಲ್ಲ. ಹಾಗಾಗಿ ನಡುವೆ ಕೂರಲೇಬೇಡಿ. ಎದುರಿನ ಗೋಡೆಯಿಂದ ನಿಮ್ಮ ಕಿವಿಗೆ ನಾಲ್ಕಡಿಗಿಂತ ಸ್ವಲ್ಪ ಕಡಿಮೆ ಇರಲಿ. ಅಲ್ಲಿಂದ ಶುರು ಮಾಡಿ ಆಚೆ ಈಚೆ ಒಂದೊಂದು ಗೇಣು ಸರಿಸಿ ನೋಡಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಮೂರರ ನಡುವೆಯೂ ಒಂದೇ ದೂರ ಇರಬೇಕು, ಟ್ವೀಟರ್ (ಮೇಲಿನ ಸದ್ದು ಬರುವ ಸಣ್ಣ ಕೋನು) ಕಿವಿಯ ಮಟ್ಟಕ್ಕೆ.

ಸಬ್‌ವೂಫರ್ ಬೇಡ. ನಿಮ್ಮ ಕೋಣೆಯಲ್ಲಿ ಅದು 57ರ ಗುಂಯ್‌ಗೆ ತುಪ್ಪ ಸುರಿದ ಹಾಗೆ. ಈಗ ಇರುವುದನ್ನೂ ತೆಗೆದಿಡಿ.

ಇನ್ನು ಮಾಡೆಲ್. ಪ್ರಿಸೋನಸ್ ಎರಿಸ್ 3.5 ಜೋಡಿಯಾಗಿ ಬರುತ್ತದೆ, ಒಂದು ಬದಿಗೆ 25 ವಾಟ್. ಕಂಪನಿಯ ಲೆಕ್ಕದಲ್ಲಿ 80 ಹರ್ಟ್ಸ್ ತನಕ ಇಳಿಯುತ್ತದೆ. ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿ, ಇನ್ನೊಂದಕ್ಕೆ ಅಲ್ಲಿಂದ ವಯರ್. ಹೆಡ್‌ಫೋನ್ ತೂತು ಮುಂದೆಯೇ ಉಂಟು, ರಾತ್ರಿ ಕೆಲಸ ಮಾಡುವವರಿಗೆ ಅನುಕೂಲ. ಮಾತು, ಪದ, ಚೆಂಡೆ ಇಷ್ಟಕ್ಕೆ ಇದು ಸಾಕು. ಐದು ಇಂಚಿನದ್ದು ಅಂದರೆ ಜೆಬಿಎಲ್ 305ಪಿ ಮಾರ್ಕ್ 2 ಮತ್ತು ಯಮಾಹ ಎಚ್‌ಎಸ್5. ಎರಡರಲ್ಲೂ ಪ್ರತಿ ಪೆಟ್ಟಿಗೆಗೆ ಅದರದ್ದೇ ಆಂಪ್ಲಿಫೈಯರ್. ಜೆಬಿಎಲ್ 43 ಹರ್ಟ್ಸ್ ತನಕ ಹೇಳುತ್ತಾರೆ, ಯಮಾಹ 54. ಮದ್ದಳೆಯ ತಗ್ಗಿನ ಹೊಡೆತ ಕೇಳಬೇಕಾದರೆ ಐದು ಇಂಚು ಒಳ್ಳೆಯದು. ಆದರೆ ಒಂದು ಎಚ್ಚರ. ಇವುಗಳ ರೇಟು ಜಾಸ್ತಿ ಕಡೆ ಒಂದು ಪೆಟ್ಟಿಗೆಯದ್ದೇ ಹಾಕಿರುತ್ತಾರೆ. ನಾನು ಜೋಡಿಯ ರೇಟು ಅಂತ ಖುಷಿಯಾಗಿ ಆರ್ಡರ್ ಹಾಕಿದವ. ಮನೆಗೆ ಬಂದದ್ದು ಒಂದೇ ಡಬ್ಬ.

20 ಸಾವಿರದೊಳಗೆ ಈ ಎರಡರ ಹೊಸ ಜೋಡಿ ಸಿಗುವುದು ಕಷ್ಟ. ನಾನಾದರೆ ಸಣ್ಣ ಜೋಡಿ ತೆಗೆದುಕೊಂಡು ಉಳಿದ ದುಡ್ಡನ್ನು ಕೋಣೆಗೆ ಹಾಕುತ್ತಿದ್ದೆ. ಅಥವಾ ಕೈ ಬದಲಾದ ಐದಿಂಚು ಹುಡುಕುತ್ತಿದ್ದೆ, ಮಂಗಳೂರಿನಲ್ಲಿ ಆಗಾಗ ಸಿಗುತ್ತದೆ. ನೋಡಲಿಕ್ಕೆ ಹೋಗುವಾಗ ನೀವೇ ರೆಕಾರ್ಡ್ ಮಾಡಿದ ಒಂದು ಪದ ಕೊಂಡುಹೋಗಿ. ಅಂಗಡಿಯವರು ಹಾಕುವ ಹಾಡು ಯಾವ ಡಬ್ಬದಲ್ಲಿಯೂ ಚಂದವೇ ಕೇಳುತ್ತದೆ.

ಮಂಜೇಶ್ವರದಿಂದ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಈಗ ಸ್ಪೀಕರೇ ಬೇಡ. ನಮ್ಮ ಊರಿನ ಮಳೆಗಾಲ ನೆನಪು ಮಾಡಿಕೊಳ್ಳಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಆಗಸ್ಟ್ ಒಳಗೆ. ನಮ್ಮದು ತಾರಸಿಯ ಮೇಲೆ ತಗಡಿನ ಶೀಟು ಹಾಕಿದ ಮನೆ. ಮಳೆ ಸುರಿಯುವಾಗ ಸ್ಪೀಕರಿನಲ್ಲಿ ಕೇಳುವುದು ಮಳೆಯನ್ನು ಮಾತ್ರ. ಆ ಮೂರು ತಿಂಗಳು ನಾನು ಹೆಡ್‌ಫೋನಿನಲ್ಲೇ ಇರುವವ. ಕಿವಿ ಪೂರ್ತಿ ಮುಚ್ಚುವಂಥದ್ದು ಒಂದು ಒಳ್ಳೆಯದು ತೆಗೆದುಕೊಳ್ಳಿ. ಕೋಣೆಯ ಹೊಂಡ, ಉಬ್ಬು ಯಾವುದೂ ಅದಕ್ಕೆ ತಾಗುವುದಿಲ್ಲ.

ಕುಂಬಳೆಯಿಂದ:

ಮಳೆಗಾಲದ ಮಾತು ಒಪ್ಪಿದೆ. ಆದರೆ ಹೆಡ್‌ಫೋನಿನಲ್ಲಿ ಎಡದ ಸದ್ದು ಎಡಕ್ಕೆ ಮಾತ್ರ, ಬಲದ್ದು ಬಲಕ್ಕೆ ಮಾತ್ರ. ಚೆಂಡೆ ಒಂದು ಕಿವಿಯಲ್ಲಿ, ಮದ್ದಳೆ ಇನ್ನೊಂದರಲ್ಲಿ, ಭಾಗವತರು ತಲೆಯ ಒಳಗೆ. ಹಿಮ್ಮೇಳ ಹಾಗೆ ಕೂರುವುದಿಲ್ಲ ಅಲ್ವಾ? ಮಾತು, ಕತೆ ಎಡಿಟ್ ಮಾಡಲಿಕ್ಕೆ, ಕೆಮ್ಮು, ಕುರ್ಚಿ ಸದ್ದು ಹುಡುಕಲಿಕ್ಕೆ ಹೆಡ್‌ಫೋನೇ ಸರಿ. ಯಾವುದು ಮುಂದೆ, ಯಾವುದು ಹಿಂದೆ ಅಂತ ತೂಗಲಿಕ್ಕೆ ಗಾಳಿಯಲ್ಲಿ ಕೇಳಬೇಕು.

ಮುಳ್ಳೇರಿಯದಿಂದ:

ಮೊಟ್ಟೆ ಟ್ರೇ ಅಂಟಿಸಬೇಡಿ. ತೆಳು ರಟ್ಟು, ಮೇಲಿನ ಕಿರುಚು ಸ್ವಲ್ಪ ಚದುರಬಹುದು ಅಷ್ಟೇ, ತಗ್ಗಿಗೆ ಏನೂ ಆಗುವುದಿಲ್ಲ. ನಮ್ಮ ಹವೆಯಲ್ಲಿ ಒಂದು ಮಳೆಗಾಲ ಕಳೆದರೆ ಬೂಸ್ಟು, ಜಿರಳೆಗೆ ಮನೆ. ಒಂದಿಂಚಿನ ಸ್ಪಂಜಿನದ್ದೂ ಅದೇ ಕತೆ.

ನಾನು ಮಾಡಿದ್ದು ರಾಕ್‌ವೂಲ್, ಕಲ್ಲು ಕರಗಿಸಿ ಮಾಡಿದ ನಾರು. 50 ಮಿಲಿಮೀಟರ್ ದಪ್ಪದ ಹಲಗೆ, ನಾಲ್ಕಡಿ ಎರಡಡಿ. ನಮ್ಮ ಆಚಾರಿಯ ಹತ್ತಿರ ಮರದ ಚೌಕಟ್ಟು ಮಾಡಿಸಿದೆ, ಅದಕ್ಕೆ ಹತ್ತಿಯ ಹಳೇ ಬೆಡ್‌ಶೀಟ್ ಬಿಗಿದೆ. ಗೋಡೆಗೆ ಒತ್ತಿ ಹೊಡೆಯಬೇಡಿ. ಹಿಂದೆ ಎರಡಿಂಚು ಬಿಟ್ಟು ತೂಗು ಹಾಕಿದರೆ ಇನ್ನೂ ಕೆಳಗಿನ ಸದ್ದು ಹಿಡಿಯುತ್ತದೆ, ಗೋಡೆಯ ಪಸೆಯೂ ತಾಗುವುದಿಲ್ಲ. ಕತ್ತರಿಸುವಾಗ ಮಾಸ್ಕ್, ಕೈಗವಸು ಬೇಕು. ನಾನು ಬರಿಗೈಯಲ್ಲಿ ಮುಟ್ಟಿ ಎರಡು ದಿನ ತುರಿಸಿಕೊಂಡೆ. ಮೊದಲ ಎರಡು ಹಲಗೆ ಎಲ್ಲಿಗೆ ಅಂತ ಕನ್ನಡಿ ಹೇಳುತ್ತದೆ. ನೀವು ಕುರ್ಚಿಯಲ್ಲಿ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಯ ಉದ್ದಕ್ಕೆ ಕನ್ನಡಿ ಜಾರಿಸಲಿ. ಸ್ಪೀಕರ್ ಕಂಡ ಜಾಗವೇ ಹಲಗೆಯ ಜಾಗ. ಸಾರಣೆ ಮಾಡಿದ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಟರ್‌ರ್ ಅಂತ ಬಾಲ ಬರುತ್ತದಲ್ಲ, ಚೆಂಡೆಯ ಪೆಟ್ಟು ಪೆಟ್ಟಾಗಿ ಕೇಳದಿರುವುದು ಅದರಿಂದಲೇ.

ಒಂದು ತಮಾಷೆ ಹೇಳುತ್ತೇನೆ. ಮೊದಲ ವರ್ಷ ನನ್ನ ಕೋಣೆ ಬಹಳ ಒಳ್ಳೆಯದಿತ್ತು. ನನ್ನದೇ ಬುದ್ಧಿವಂತಿಕೆ ಅಂತ ತಿಳಿದಿದ್ದೆ. ಏಪ್ರಿಲಿನಲ್ಲಿ ಒಂದು ದಿನ ನೋಡುತ್ತೇನೆ, ಎಲ್ಲ ಗುಂಯ್ ಗುಂಯ್. ವಯರ್ ನೋಡಿದೆ, ಸೆಟ್ಟಿಂಗ್ ನೋಡಿದೆ, ಏನೂ ಬದಲಾಗಿರಲಿಲ್ಲ. ಹಿಂದಿನ ಗೋಡೆಯ ಬದಿಯಲ್ಲಿ ಸುಲಿಯದ ಅಡಿಕೆಯ ಗೋಣಿ ಎದೆಮಟ್ಟಕ್ಕೆ ಪೇರಿಸಿ ಇಟ್ಟಿದ್ದರು. ಅಪ್ಪ ಅದನ್ನು ಸುಲಿಸಲಿಕ್ಕೆ ಕೆಳಗೆ ಇಳಿಸಿದ್ದರು. ಸಿಪ್ಪೆಯ ನಾರು, ನಡುನಡುವೆ ಗಾಳಿ, ಎರಡಡಿ ದಪ್ಪ. ತಗ್ಗಿನ ಸದ್ದು ಹೀರುವ ಅಂಥ ಬೇಸ್ ಟ್ರಾಪ್ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಈಗ ಅಡಿಕೆ ಇಳಿಸುವ ಮೊದಲು ಅಪ್ಪ ನನ್ನನ್ನು ಕೇಳುತ್ತಾರೆ, "ಮಿಕ್ಸಿಂಗ್ ಮುಗಿಯಿತಾ?"

ಉಪ್ಪಳದಿಂದ:

ಕರೆಂಟಿನ ವಿಷಯ ಯಾರೂ ಹೇಳಲಿಲ್ಲ. ನಾನು ವಯರಿಂಗ್ ಕೆಲಸದವ, ಭಜನೆಯ ರೆಕಾರ್ಡಿಂಗೂ ಮಾಡುತ್ತೇನೆ. ಸ್ಪೀಕರ್ ತಂದ ದಿನವೇ ಜುಂಯ್ ಅಂತ ಸದ್ದು ಬಂದರೆ ಸ್ಪೀಕರಿಗೆ ಬೈಯಬೇಡಿ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಕಳ್ಳ ಅಲ್ಲಿ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಇಂಟರ್‌ಫೇಸಿನಿಂದ ಸ್ಪೀಕರಿಗೆ ಬ್ಯಾಲೆನ್ಸ್ಡ್ ಕೇಬಲ್ (ಹೊರಗಿನ ಜುಂಯ್ ಕಡಿಮೆ ಹಿಡಿಯುವಂಥದ್ದು) ಎಳೆಯಿರಿ. ಅದರ ಪಿನ್ನಿನಲ್ಲಿ ಎರಡು ಕಪ್ಪು ಉಂಗುರ ಇರುತ್ತದೆ, ಒಂದೇ ಇದ್ದರೆ ಅದು ಗಿಟಾರಿನ ಕೇಬಲ್. ಸದ್ದು ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರು ಉಂಟು. ದಯವಿಟ್ಟು ಬೇಡ. ಸದ್ದು ಹೋಗುತ್ತದೆ, ಒಂದು ದಿನ ನೀವೂ ಹೋಗುತ್ತೀರಿ.

ಮತ್ತೆ ತುಲಾ ಮಳೆ. ಅಕ್ಟೋಬರ್, ನವೆಂಬರಿನಲ್ಲಿ ಸಂಜೆ ಸಿಡಿಲು ಶುರುವಾಗುವ ಮೊದಲು ಪ್ಲಗ್ ಕಿತ್ತು ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್‌ನೆಟ್ಟಿನ ವಯರ್ ಕೂಡ ತೆಗೆಯಿರಿ. ನನ್ನ ಮೊದಲಿನ ಜೋಡಿ ಹೋದದ್ದು ಸ್ವಿಚ್ ಆಫ್ ಆಗಿದ್ದಾಗಲೇ.

ಕುಂಬಳೆಯಿಂದ:

ಇನ್ನೊಂದು ಮರೆತೆ. ಸದ್ದು ಎಷ್ಟು ಇಡಬೇಕು ಅಂತ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ತಗ್ಗು ಕಡಿಮೆ ಕೇಳುತ್ತದೆ, ಜೋರು ಮಾಡಿದ ಹಾಗೆ ಅದು ಏರುತ್ತದೆ. ಒಂದು ದಿನ ಮೆಲ್ಲಗೆ, ಒಂದು ದಿನ ಜೋರಾಗಿ ಕೇಳಿದರೆ ನಿಮ್ಮ ಮಿಕ್ಸೂ ಹಾಗೇ ಏರಿಳಿಯುತ್ತದೆ. ಇಂಥ ಕೋಣೆಗೆ 75 ಡೆಸಿಬೆಲ್ ಆಸುಪಾಸು ಸಾಕು, ಎದುರು ಕೂತವರ ಜತೆ ಸ್ವಲ್ಪ ಸ್ವರ ಎತ್ತಿ ಮಾತಾಡುವಷ್ಟು. ಫೋನಿನ ಆ್ಯಪ್ ಅಷ್ಟು ನಿಖರ ಅಲ್ಲ, ಆದರೆ ದಿನಾ ಒಂದೇ ಫೋನಿನಲ್ಲಿ ನೋಡಿದರೆ ನಡೆಯುತ್ತದೆ. ಗುಂಡಿಯ ಆ ಜಾಗಕ್ಕೆ ನಾನು ಬಿಳಿ ಪೈಂಟಿನ ಚುಕ್ಕೆ ಇಟ್ಟಿದ್ದೇನೆ.

ಮತ್ತೆ "ಚಂದ ಕೇಳುವ" ಸ್ಪೀಕರ್ ಹುಡುಕಬೇಡಿ. ಯಮಾಹದ ಎನ್‌ಎಸ್‌10 ಅಂತ ಬಿಳಿ ಕೋನಿನದ್ದು ಒಂದಿತ್ತು. 1978ರಲ್ಲಿ ಮನೆಯಲ್ಲಿ ಹಾಡು ಕೇಳಲಿಕ್ಕೆ ಅಂತ ಬಂದದ್ದು, ಆದರೆ ಹೆಸರು ಮಾಡಿದ್ದು ಸ್ಟುಡಿಯೋದಲ್ಲಿ. ತಪ್ಪನ್ನು ಮುಚ್ಚುತ್ತಿರಲಿಲ್ಲ ಅಂತಲೇ ಮಿಕ್ಸಿಂಗಿನವರು ಅದನ್ನು ಮೇಜಿನ ಮೇಲೆ ಇಟ್ಟುಕೊಂಡರು.

ಬದಿಯಡ್ಕದಿಂದ, ಕೇಳಿದವ:

ಎಲ್ಲರಿಗೂ ಉಪಕಾರ ಆಯಿತು. ಸ್ಪೀಕರ್ ಇನ್ನೂ ತಂದಿಲ್ಲ. ನಿನ್ನೆ ಸಬ್‌ವೂಫರ್ ತೆಗೆದಿಟ್ಟೆ. ಹಳೇ ಸ್ಪೀಕರಿನಲ್ಲೇ ಫೋನಿನಿಂದ 80ರಿಂದ 200 ಹರ್ಟ್ಸ್ ತನಕ ಮೆಲ್ಲ ಏರಿಸುತ್ತಾ ಹೋದೆ. ಕಿಟಕಿಯ ಎದುರು ಕೂತಾಗ ಒಂದು ಕಡೆ ಸದ್ದು ಹೋಗಿಯೇಬಿಟ್ಟಿತು, ಕುಂಬಳೆಯವರು ಹೇಳಿದ ಹಾಗೆ. ಮೇಜನ್ನು ಬಾಗಿಲಿನ ಎದುರಿನ ಗೋಡೆಗೆ ತಂದ ಮೇಲೆ ಎಷ್ಟೋ ವಾಸಿ. ಸದ್ಯಕ್ಕೆ ಎರಿಸ್ 3.5ರ ಜೋಡಿ, ನಾಲ್ಕು ರಾಕ್‌ವೂಲ್ ಹಲಗೆ ಅಂತ ಲೆಕ್ಕ ಹಾಕಿದ್ದೇನೆ. ಆಚಾರಿಯ ಕೂಲಿ ಸೇರಿ 20ರ ಒಳಗೆ ಆಗುತ್ತದೆ ಅಂತ ಕಾಣುತ್ತದೆ.

ಆದರೆ 140 ಹರ್ಟ್ಸಿಗೆ ಬಂದಾಗ ಟರಟರ ಅಂತ ಒಂದು ಸದ್ದು. ಸ್ಪೀಕರ್ ಒಡೆಯಿತು ಅಂತ ಹೆದರಿದೆ. ಕಪಾಟಿನ ಬಾಗಿಲಿಗೆ ಕೈ ಇಟ್ಟೆ, ನಿಂತಿತು. ಕೈ ತೆಗೆದೆ, ಮತ್ತೆ ಶುರು. ಕಪಾಟನ್ನು ಹೊರಗೆ ಸಾಗಿಸಬೇಕು. ಅದರೊಳಗೆ ಪೂರ್ತಿ ಅಮ್ಮನ ಸೀರೆ. ಇವತ್ತು ಬೆಳಗ್ಗೆ ವಿಷಯ ಎತ್ತಿದೆ. ಸ್ಪೀಕರನ್ನೇ ಹೊರಗೆ ಇಡು ಅಂದರು.